ಸ್ವಿಫ್ಟ್ ಡೀಸೆಲ್‌ಗೆ ಸೆಕೆಂಡ್ ಹ್ಯಾಂಡ್ ಇಂಜಿನ್: 18 ತಿಂಗಳು, 38,000 ಕಿಲೋಮೀಟರ್ ಓಡಿಸಿದ ಮೇಲೆ

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇದ್ದಾಗ ಕಾರಿನ ಹತ್ತಿರ ಬರುತ್ತೇನೆ. ಕೀ ಅರ್ಧ ತಿರುಗಿಸಿ, ಸ್ಪ್ರಿಂಗ್ ಆಕಾರದ ಹಳದಿ ದೀಪ ಆರುವವರೆಗೆ ತಡೆಯುತ್ತೇನೆ. ಆಮೇಲೆ ಸ್ಟಾರ್ಟ್. ಒಂದೇ ಸಲಕ್ಕೆ ಹಿಡಿಯುತ್ತದೆ. ಮೊದಲ ಎರಡು ಸೆಕೆಂಡ್ ಕಿವಿಗೊಟ್ಟು ಕೇಳುತ್ತೇನೆ, ಇಂಜಿನ್ನಿನೊಳಗಿನ ಚೈನ್ ಗಲಗಲ ಅನ್ನುವುದಿಲ್ಲ. ಇಷ್ಟಾದರೆ ನನಗೆ ಆ ದಿನ ಸೇಡಂ ಮುಟ್ಟುವ ಧೈರ್ಯ.

ಈ ಇಂಜಿನ್ ನನ್ನ ಕಾರಿನ ಜೊತೆ ಬಂದದ್ದಲ್ಲ. ಹೈದರಾಬಾದಿನಲ್ಲಿ ಹಿಂದಿನಿಂದ ಲಾರಿ ಗುದ್ದಿ ಮೂಲೆ ಸೇರಿದ್ದ ಒಂದು ಮಾರುತಿ ರಿಟ್ಜ್‌ನದ್ದು. ಹಾಕಿಸಿ 18 ತಿಂಗಳಾಯಿತು. ಇಂಜಿನ್ ಹೇಗಿದೆ ಅನ್ನುವುದಕ್ಕಿಂತ, ಅದನ್ನು ಯಾರ ಹತ್ತಿರ ತಗೊಂಡೆ, ಹೇಗೆ ತಗೊಂಡೆ ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ. ನನಗೆ ಪೆಟ್ಟು ಬಿದ್ದದ್ದೂ ಅಲ್ಲಿ, ಸಮಾಧಾನ ಸಿಕ್ಕಿದ್ದೂ ಅಲ್ಲಿ.

ನಾನು ಮಾಸ್ತರ್. ಮನೆ ಕಲಬುರಗಿ, ಶಾಲೆ ಸೇಡಂ ಕಡೆ. ಹೋಗಿ ಬರುವುದು ದಿನಕ್ಕೆ 110 ಕಿಲೋಮೀಟರ್ ಹತ್ತಿರ. 2024ರ ಏಪ್ರಿಲ್ ಕೊನೆ, ಲೋಕಸಭಾ ಚುನಾವಣೆಯ ತರಬೇತಿ ಮುಗಿಸಿ ವಾಪಸ್ ಬರುತ್ತಿದ್ದೆ. ಆ ಬಿಸಿಲು ನಮ್ಮ ಕಡೆಯವರಿಗೆ ಗೊತ್ತು. ಮಳಖೇಡ ದಾಟಿದ ಮೇಲೆ ಕೆಂಪು ದೀಪ ಬಂತು. ಕೂಲೆಂಟ್ ಪೈಪ್ ಒಡೆದಿತ್ತು. ನೆರಳಿಲ್ಲ, ಅಂಗಡಿಯಿಲ್ಲ, ಮುಂದೆ ಹಳ್ಳಿ ಬರುತ್ತದೆ ಅಂತ ಇನ್ನೂ ನಾಲ್ಕು ಕಿಲೋಮೀಟರ್ ಓಡಿಸಿದೆ. ಅಲ್ಲಿಗೇ ಇಂಜಿನ್ ಸೀಜ್. ಈ ಇಂಜಿನ್ನಿನ ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಬಿಸಿ ಮಿತಿ ಮೀರಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಮೇಲೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಲಬುರಗಿಯ ಹುಮನಾಬಾದ್ ಬೇಸ್ ಹತ್ತಿರದ ನಮ್ಮ ಮೆಕ್ಯಾನಿಕ್ ಉಸ್ತಾದ್ ಹೆಡ್ ಬಿಚ್ಚಿ ಒಂದು ಸಿಲಿಂಡರಿನ ಗೋಡೆ ತೋರಿಸಿದರು. ಉಗುರಿನಿಂದ ಗೀರಿದ ಬೆಣ್ಣೆಯ ಹಾಗೆ ಗೆರೆ ಬಿದ್ದಿದ್ದವು.

ದಾರಿ ಮೂರಿದ್ದವು. ಕಂಪನಿಯಿಂದ ಹಾಫ್ ಇಂಜಿನ್, ಅಂದರೆ ಬ್ಲಾಕ್, ಪಿಸ್ಟನ್ ಸೇರಿದ ಕೆಳಗಿನ ಅರ್ಧ, ತರಿಸುವುದು ಒಂದು. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದ್ದಾರೆ. ನನಗೆ ಹೇಳಿದ ಲೆಕ್ಕ ಒಂದೂವರೆ ಲಕ್ಷ ದಾಟಿತ್ತು, ಯಾವಾಗ ಬರುತ್ತದೆ ಅಂತ ಗ್ಯಾರಂಟಿ ಇರಲಿಲ್ಲ. ಮೂರು ಲಕ್ಷಕ್ಕೆ ಹೋಗುವ ಕಾರಿಗೆ ಅಷ್ಟು ಹಾಕುವುದು ಹೇಗೆ? ಮಗಳ ಪಿಯುಸಿ ಫೀಸೂ ಅದೇ ತಿಂಗಳು. ಎರಡನೆಯದು ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಗೋಡೆ ಕೊರೆಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುವುದು. ಹತ್ತಿರ ಹತ್ತಿರ 90,000. ಮೂರನೆಯದು ಹಳೆ ಇಂಜಿನ್. ಉಸ್ತಾದ್ ಬೋರ್ ಮಾಡಿಸಿ ಅಂತಲೇ ಹೇಳಿದರು. ದುಡ್ಡು ನೋಡಿ ನಾನೇ ಹಳೆ ಇಂಜಿನ್ ಅಂದೆ.

ಮೊದಲ ಇಂಜಿನ್ ತರಿಸಿದ್ದು ದೂರದ ದೊಡ್ಡ ಊರಿನ ಒಬ್ಬ ವ್ಯಾಪಾರಿಯಿಂದ, ಬರೀ ಫೋನ್ ಮೇಲೆ. ಮಾತು ಬಹಳ ಸಿಹಿ. ದಿನಾ ವಾಟ್ಸಾಪ್‌ನಲ್ಲಿ ವಿಡಿಯೋ, ದಿನಾ "ಗುಡ್ ಮಾರ್ನಿಂಗ್ ಸರ್". 48,000 ಅಂದ. ಅಡ್ವಾನ್ಸ್ 20,000 ಹಾಕಿದೆ. ಒಂಬತ್ತು ದಿನಕ್ಕೆ ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಮಾಲು ಬಂತು. ಗೋಣಿಚೀಲ ಬಿಚ್ಚಿದರೆ ಇಂಜಿನ್ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿತ್ತು. ನನಗೆ ಖುಷಿಯಾಯಿತು. ಉಸ್ತಾದ್ ಮುಖ ಬಾಡಿತು.

"ಮಾಸ್ತರ್, ಓಡಿದ ಇಂಜಿನ್ನಿಗೆ ಯಾರ್ ಬಣ್ಣ ಹಚ್ತಾರ? ಮುಚ್ಚೋದು ಏನೋ ಅದ, ಅದಕ್ಕ ಹಚ್ಚ್ಯಾರ" ಅಂದರು. ಬಟ್ಟೆಗೆ ಪೆಟ್ರೋಲ್ ಹಚ್ಚಿ, ಇಂಜಿನ್ ನಂಬರ್ ಇರುವ ಜಾಗ ಉಜ್ಜತೊಡಗಿದರು. ಬಣ್ಣ ಬಿಟ್ಟಿತು. ನನ್ನ ಬೆರಳು ಹಿಡಿದು ಆ ಜಾಗದ ಮೇಲೆ ಸವರಿಸಿದರು. ಸುತ್ತಲೂ ಎರಕದ ಕಬ್ಬಿಣ ಒರಟು. ಅಲ್ಲಿ ಮಾತ್ರ ಅಂಗೈಯಗಲ ನುಣ್ಣಗೆ, ಗ್ರೈಂಡರ್ ಆಡಿಸಿದ ಹಾಗೆ. ನಂಬರ್ ಇರಲೇ ಇಲ್ಲ. ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತುವ ಭಾಗ, ನೋಡಿ ಇನ್ನೊಂದು ಹೇಳಿದರು: ಇದು ಎರ್ಟಿಗಾದ್ದು. ಅದೂ 1248 ಸಿಸಿ, ಇದೂ 1248 ಸಿಸಿ. ಆದರೆ ಸ್ವಿಫ್ಟ್, ರಿಟ್ಜ್, ಡಿಸೈರ್‌ನಲ್ಲಿ ಬಂದದ್ದು ಶಕ್ತಿಯಲ್ಲಿ 75 ಪಿಎಸ್‌ನದ್ದು. ಎರ್ಟಿಗಾ, ಸಿಯಾಜ್, ಎಸ್‌ಎಕ್ಸ್4ನಲ್ಲಿ ಬಂದದ್ದು 90 ಪಿಎಸ್‌ನದ್ದು, ಅದರ ಟರ್ಬೊನೇ ಬೇರೆ ಜಾತಿ. "1.3 ಡೀಸೆಲ್ ಅಂದ್ರೆ ಎಲ್ಲಾ ಒಂದೇ ಸರ್" ಅಂತ ಅವನು ಹೇಳಿದ್ದನ್ನು ನಂಬಿದ್ದೆ.

ನಂಬರ್ ಅಳಿಸಿದ ಇಂಜಿನ್ ಅಂದರೆ ಕಳ್ಳತನದ್ದಿರಬಹುದು. ಹಾಕಿಸಿಕೊಂಡರೆ ಕೇಸು ನನ್ನ ತಲೆ ಮೇಲೆ. ಅದೇ ಲಾರಿಗೆ ವಾಪಸ್ ಹಾಕಿದೆ. ಎರಡೂ ಕಡೆಯ ಬಾಡಿಗೆ ನನ್ನದೇ. ಅಡ್ವಾನ್ಸಿನಲ್ಲಿ ನಾಲ್ಕು ತಿಂಗಳ ಮೇಲೆ 8,000 ಬಂತು. ಉಳಿದದ್ದು ಹೋಯಿತು. ಗುಡ್ ಮಾರ್ನಿಂಗ್ ಮೆಸೇಜೂ ನಿಂತವು.

ಎರಡನೆಯ ವ್ಯಾಪಾರಿಯ ನಂಬರ್ ಕೊಟ್ಟದ್ದು ಉಸ್ತಾದ್. ಹೈದರಾಬಾದಿನವರು. ಫೋನ್ ಮಾಡಿದರೆ ಸರಿಯಾಗಿ ಮಾತೇ ಆಡಲಿಲ್ಲ. ವಿಡಿಯೋ ಕಳಿಸಿ ಅಂದೆ. "ವಿಡಿಯೋ ಕಳಿಸಲ್ಲ, ಬಂದು ಕೇಳಿ" ಅಂತ ದಖನಿಯಲ್ಲಿ ಹೇಳಿ ಇಟ್ಟುಬಿಟ್ಟರು. ನನಗೆ ಸಿಟ್ಟು ಬಂತು. ಉಸ್ತಾದ್ ಮಾತ್ರ "ಇವರೇ ಪಕ್ಕಾ, ನಡೀರಿ" ಅಂದರು. ಒಂದು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಹೋದೆವು.

ಇಂಜಿನ್ ಇನ್ನೂ ಕಾರಿನಲ್ಲೇ ಇತ್ತು. ಅಲ್ಲೇ ನನಗೆ ಅರ್ಧ ಭರವಸೆ ಬಂತು. ಡಿಕ್ಕಿ ಕಡೆ ಹಿಂದಿನ ಸೀಟಿನವರೆಗೂ ನಜ್ಜುಗುಜ್ಜು, ಮುಂದೆ ಒಂದು ಗೀರೂ ಇಲ್ಲ. ಉಸ್ತಾದ್ ಬಾನೆಟ್ ತೆಗೆದು ಮೊದಲು ಮಾಡಿದ ಕೆಲಸ, ಇಂಜಿನ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಗಿರಾಕಿ ಬರುವ ಮೊದಲೇ ಒಮ್ಮೆ ಚಾಲೂ ಮಾಡಿ ಬಿಸಿ ಮಾಡಿಟ್ಟರೆ ರೋಗಗಳು ಅಡಗುತ್ತವಂತೆ. ಈ ಇಂಜಿನ್ನಿನಲ್ಲಿ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್. ಚೈನ್ ಸವೆದಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕ್ಷಣವೇ ಗಲಗಲ ಅನ್ನುತ್ತದೆ. ಹೊಸ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದರು. ಸದ್ದು ಶುದ್ಧವಾಗಿತ್ತು.

ಆಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನೇ ಮಗುಚಿ ಬಾಯಿಯ ಮೇಲೆ ಸುಮ್ನೆ ಇಟ್ಟರು. ಇಂಜಿನ್ ಓಡುತ್ತಿತ್ತು. ರಿಂಗ್ ಸವೆದಿದ್ದರೆ ಒಳಗಿನ ಗಾಳಿ ನುಗ್ಗಿ ಮುಚ್ಚಳ ಕುಣಿಯುತ್ತದೆ, ಹೊಗೆ ಬರುತ್ತದೆ. ನಾವು ಮೂವರೂ ಆ ಮುಚ್ಚಳವನ್ನೇ ನೋಡುತ್ತಾ ನಿಂತೆವು. ಸಣ್ಣಗೆ ನಡುಗಿತು, ಅಷ್ಟೇ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಪ್ಪು. ಹಾಲು ಬೆರೆಸಿದ ಚಹಾದ ಬಣ್ಣ ಇದ್ದಿದ್ದರೆ ನೀರು ಸೇರಿದೆ ಅಂತ. ಮೌಂಟಿಂಗ್ ಬೋಲ್ಟಿನ ಸಂದಿಗಳಲ್ಲಿ ಬೆರಳು ಹಾಕಿ ಕೆಸರು ಒಣಗಿದೆಯಾ ಅಂತಲೂ ನೋಡಿದರು. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನಲ್ಲಿ ಎಷ್ಟೋ ಕಾರು ಮುಳುಗಿದ್ದವು. ಮುಳುಗಿದ ಇಂಜಿನ್ನಿನ ಒಳಗೆ ನೀರು ಹೋಗಿದ್ದಾಗ ಸ್ಟಾರ್ಟ್ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿರುತ್ತದೆ. ಆಮೇಲೆ ಎಷ್ಟು ತೊಳೆದರೂ ಅದು ನೆಟ್ಟಗಾಗುವುದಿಲ್ಲ.

58,000ಕ್ಕೆ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಆದರೆ ಕೇಳುವ ಮೊದಲೇ ಕಾಗದ ತಂದು ಟೇಬಲ್ ಮೇಲೆ ಇಟ್ಟರು. ರಿಟ್ಜ್‌ನ ಆರ್‌ಸಿ ನಕಲು, ಇನ್ಶೂರೆನ್ಸ್‌ನವರು ಗುಜರಿಗೆ ಕೊಟ್ಟ ಪತ್ರ, ಇಂಜಿನ್ ನಂಬರ್ ಬರೆದ ಜಿಎಸ್‌ಟಿ ಬಿಲ್. ನಾನು ಅಲ್ಲೇ ಕೂತು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ ಅನ್ನುವ ಆನ್‌ಲೈನ್ ದಾಖಲೆಯಲ್ಲಿ ನಂಬರ್ ಹಾಕಿ ನೋಡಿದೆ. ಕಳುವಾದ ಗಾಡಿಗಳಲ್ಲಿ ಇರಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚಹಾ ತರಿಸಿದರು.

ಈ ಕಾಗದ ಎಷ್ಟು ಮುಖ್ಯ ಅಂತ ಕಲಬುರಗಿ ಆರ್‌ಟಿಒದಲ್ಲಿ ಗೊತ್ತಾಯಿತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಇಂಜಿನ್ ಬದಲಿಸುವುದಕ್ಕೂ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಆಮೇಲೆ ಇನ್ಶೂರೆನ್ಸ್ ಪಾಲಿಸಿಯಲ್ಲೂ ಬದಲಿಸಬೇಕು. ಇಲ್ಲದಿದ್ದರೆ ನಾಳೆ ಅಪಘಾತವಾದಾಗ ಕ್ಲೇಮಿನ ತಕರಾರು ಶುರು. ಎಷ್ಟೋ ಜನ ಸುಮ್ನೆ ಹಾಕಿಸಿ ಓಡಿಸುತ್ತಾರೆ, ಮಾರುವಾಗ ಸಿಕ್ಕಿಬೀಳುತ್ತಾರೆ. ನನ್ನ ಕಾಗದದಲ್ಲಿ ಏನೂ ಕೊರತೆ ಇರಲಿಲ್ಲ, ಆದರೂ 22 ದಿನ ಹಿಡಿಯಿತು.

ಗ್ಯಾರಂಟಿ 30 ದಿನ. ಬಿಲ್ ಆದ ದಿನದಿಂದ ಲೆಕ್ಕ, ಫಿಟ್ ಮಾಡಿದ ದಿನದಿಂದ ಅಲ್ಲ. ಅನುಮತಿ ಬರುವಷ್ಟರಲ್ಲೇ 22 ದಿನ ಹೋಗಿದ್ದವು. ಜೋಡಿಸಿ ರಸ್ತೆಗಿಳಿಸುವಾಗ ನನ್ನ ಕೈಯಲ್ಲಿ ಉಳಿದದ್ದು ನಾಲ್ಕು ದಿನ. ಇದು ನ್ಯಾಯವಲ್ಲ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ನೀವು ತಗೊಳ್ಳುವಾಗ ಫಿಟ್ ಮಾಡಿದ ದಿನದಿಂದ ಅಂತ ಬಿಲ್ ಮೇಲೆಯೇ ಬರೆಸಿಕೊಳ್ಳಿ.

ಐದನೇ ತಿಂಗಳು ಮನೆ ಮುಂದಿನ ಕಡಪಾ ಕಲ್ಲಿನ ಮೇಲೆ ಆಯಿಲ್ ಹನಿ ಕಂಡಿತು. ಮೊದಲು ಒಂದು ಹನಿ, ವಾರಕ್ಕೆ ಅಂಗೈಯಗಲ ಕಲೆ. ಕ್ರ್ಯಾಂಕ್‌ನ ಹಿಂದೆ ಆಯಿಲ್ ತಡೆಯುವ ಸೀಲ್ ಹೋಗಿತ್ತು. ಸೀಲಿನ ರೇಟು ಸಾವಿರ ಕೂಡ ಇಲ್ಲ, ಆದರೆ ಅದನ್ನು ಹಾಕಲು ಗೇರ್‌ಬಾಕ್ಸ್ ಇಳಿಸಬೇಕು. ಕೂಲಿ 4,500. ಹೈದರಾಬಾದಿಗೆ ಫೋನ್ ಮಾಡಿ ಜೋರು ಮಾಡಿದೆ. ಆ ಕಡೆಯಿಂದ ಅದೇ ಒರಟು ದನಿ: "ಮಾಸ್ಟರ್ ಸಾಬ್, ಬಿಲ್ ಹಿಂದೆ ಬರೆದು ಕೊಟ್ಟಿದ್ದೆ, ಓದಿಲ್ವಾ?"

ಬಿಲ್ ಮನೆಯ ಫೈಲಿನಲ್ಲಿತ್ತು. ಮಗುಚಿ ನೋಡಿದೆ. ಪೆನ್ಸಿಲ್‌ನಲ್ಲಿ ನಾಲ್ಕು ಸಾಲು, ಉರ್ದುವಿನಲ್ಲಿ. ನನಗೆ ಉರ್ದು ಮಾತು ಬರುತ್ತದೆ, ಓದಲು ಬರುವುದಿಲ್ಲ. ಉಸ್ತಾದ್ ಹತ್ತಿರ ಒಯ್ದೆ. ಕನ್ನಡಕ ಹಾಕಿಕೊಂಡು ಓದಿ ಹೇಳಿದರು: "ಗಾಡಿ ಎಂಟು ತಿಂಗಳು ನಿಂತಾದ. ಹಿಂದಿನ ಸೀಲ್ ಒಣಗಿರ್ತದ, ಹೊಸದು ಹಾಕ್ರಿ. ಥರ್ಮೋಸ್ಟಾಟ್ ಬದಲಿಸ್ರಿ. ಮೊದಲ ಆಯಿಲ್ ಸಾವಿರ ಕಿಲೋಮೀಟರ್‌ಗೆ ತೆಗೀರಿ. ನಿಮ್ಮ ಹಳೇ ಟರ್ಬೊ, ಆಲ್ಟರ್ನೇಟರ್ ಇಟ್ಕೊಳ್ರಿ, ಬೇಕಾಗ್ತದ." ಇಂಜಿನ್ ಕೆಳಗಿದ್ದಾಗ ಉಸ್ತಾದ್ ಆ ಸೀಲಿನ ಮಾತು ಎತ್ತಿದ್ದರು. ಸೋರುತ್ತಿಲ್ಲವಲ್ಲ, ಇರಲಿ ಬಿಡಿ ಅಂದದ್ದು ನಾನು. ಖರ್ಚು ಆಗಲೇ 80,000 ಹತ್ತಿರ ಬಂದಿತ್ತು. ವ್ಯಾಪಾರಿಯ ಮೇಲಿದ್ದ ನನ್ನ ಸಿಟ್ಟು ಅವತ್ತೇ ಇಳಿಯಿತು. ಮಾಲು ಮಾರಿದವನು ತನ್ನ ಮಾಲಿನ ದೋಷ ತಾನೇ ಬರೆದುಕೊಟ್ಟಿದ್ದ. ಅಂಥವರು ಎಷ್ಟು ಜನ ಸಿಗುತ್ತಾರೆ?

ಸೀಲ್ ಹಾಕಿಸಿದ ಮೇಲೆ ಕಡಪಾ ಕಲ್ಲು ಒಣಗಿಯೇ ಇದೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ದೂಳು ಜಾಸ್ತಿ. ಅದಕ್ಕೆ ಭಾನುವಾರ ಚಹಾ ಕುಡಿದ ಮೇಲೆ ಏರ್ ಫಿಲ್ಟರ್ ಹೊರಗೆ ತೆಗೆದು, ಮೆಟ್ಟಿಲಿಗೆ ಮೆಲ್ಲಗೆ ತಟ್ಟುತ್ತೇನೆ. ಬೂದಿ ಬಣ್ಣದ ಹಿಟ್ಟು ಉದುರುತ್ತದೆ. ಸೋಮವಾರ ಡಿಪ್‌ಸ್ಟಿಕ್ ಎಳೆದು, ಹಳೆ ಬನಿಯನ್ ತುಂಡಿನಿಂದ ಒರೆಸಿ, ಆಯಿಲ್ ಎಲ್ಲಿದೆ ಅಂತ ಡೈರಿಯಲ್ಲಿ ಬರೆಯುತ್ತೇನೆ. ಎರಡು ಆಯಿಲ್ ಬದಲಾವಣೆಯ ನಡುವೆ ಒಮ್ಮೆಯೂ ಮೇಲೆ ಹಾಕುವ ಪ್ರಸಂಗ ಬಂದಿಲ್ಲ. ಮೈಲೇಜ್ 20ರ ಆಸುಪಾಸು. ಶಾಲೆ ಮುಟ್ಟಿದ ಮೇಲೆ ಒಂದು ನಿಮಿಷ ಹಾಗೇ ಓಡಲು ಬಿಟ್ಟು, ಟರ್ಬೊ ತಣಿದ ಮೇಲೆ ಆಫ್ ಮಾಡುತ್ತೇನೆ. ಮಕ್ಕಳು ಅಷ್ಟರಲ್ಲಿ ಗೇಟ್ ಹತ್ತಿರ ಬಂದು ನಿಂತಿರುತ್ತಾರೆ.

ಬರುವ ಭಾನುವಾರ ನಮ್ಮ ಶಾಲೆಯ ಪಿಟಿ ಮಾಸ್ತರರ ವ್ಯಾಗನ್ ಆರ್‌ಗೆ ಇಂಜಿನ್ ನೋಡಲು ಅದೇ ಅಂಗಡಿಗೆ ಹೋಗುತ್ತಿದ್ದೇವೆ. ಉಸ್ತಾದರೂ ಬರುತ್ತಾರೆ. ಬಿಲ್ ಹಿಂದೆ ಬರೆದದ್ದನ್ನು ಈ ಸಲ ಅಲ್ಲೇ ಕೂತು ಓದಿಸಿಕೊಂಡು ಬರುತ್ತೇವೆ.