ಮುಂಗಡ ಕೊಟ್ಟು ನಾಟಾ ಕೊಯ್ಯಿಸುವ ಮುಂಚೆ: ತೀರ್ಥಹಳ್ಳಿ ರಸ್ತೆಯ ಒಂದು ಸಣ್ಣ ಸಾಮಿಲ್

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವ ರಸ್ತೆ ಬದಿಯ ಈ ಸಾಮಿಲ್ ದೊಡ್ಡದೇನಲ್ಲ. ಒಂದು ಬ್ಯಾಂಡ್‌ಸಾ, ಒಂದು ರಂದಾ ಮಿಷಿನ್, ಹಿಂದೆ ಶೀಟಿನ ಶೆಡ್ಡು. ಶೆಡ್ಡಿನಲ್ಲಿ ರೀಪು, ಪಕಾಸಿ, 5×3 ಇಂಚಿನ ದಾರಂದದ (ಬಾಗಿಲ ಚೌಕಟ್ಟಿನ) ಮರ ಜೋಡಿಸಿಟ್ಟಿರುತ್ತದೆ. ಹೆಸರು ಬೇಕೆಂದೇ ಬಿಟ್ಟಿದ್ದೇವೆ. ಮುಂದೆ ಬರುವ ಮೆಚ್ಚುಗೆಯೂ ತಕರಾರೂ ಸಾಗರ, ಹೊಸನಗರ, ಕೊಪ್ಪದ ಕಡೆಯ ಎಷ್ಟೋ ಮಿಲ್ಲುಗಳಿಗೆ ಸಲ್ಲುವಂಥದ್ದೇ.

ಇಲ್ಲಿಗೆ ಹೋಗಿ ಬಂದವರ ಮೊದಲ ದೂರು ಒಂದೇ: "ಮರ ಕೊಯ್ಯೋಕೆ ಮುಂಚೆ ದುಡ್ಡು ಕೇಳ್ತಾರೆ." ಅಡಿಕೆ ಸೀಮೆಯಲ್ಲಿ ಇದು ಒಗ್ಗದ ಮಾತು. ಮಂಡಿಗೆ ಅಡಿಕೆ ಹಾಕಿದ ಮೇಲೆ ಲೆಕ್ಕ ಚುಕ್ತಾ ಮಾಡುವುದು ಇಲ್ಲಿನ ರೂಢಿ. "ಅಡಿಕೆ ಕೊಟ್ಟ ಕೂಡ್ಲೆ ಕೊಡ್ತೀನಿ ಮಾರಾಯ್ರೆ" ಎಂದರೆ ಗೊಬ್ಬರದ ಅಂಗಡಿಯೂ ಒಪ್ಪುತ್ತದೆ, ಹಾರ್ಡ್‌ವೇರ್ ಅಂಗಡಿಯೂ ಒಪ್ಪುತ್ತದೆ. ಗಿರಾಕಿ ಬಿಟ್ಟುಹೋದರೂ ಸಿಮೆಂಟು ಇನ್ನೊಬ್ಬರಿಗೆ ಹೋಗುತ್ತದೆ. ನಿಮ್ಮ ಅಳತೆಗೆ ಕೊಯ್ದ ಮರ ಹೋಗುವುದಿಲ್ಲ. ಮುಂಗಡ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಗಿರಾಕಿ ಬಿಟ್ಟುಹೋದರೆ ಮಿಲ್ಲಿಗೆ ಎಷ್ಟು ನಷ್ಟವಾಗುತ್ತದೋ ಅಷ್ಟು. ಈ ಮಿಲ್ಲಿನವರು ಇದನ್ನು ಮುಕ್ಕಾಲು ಪಾಲು ಸರಿಯಾಗಿ ಹಿಡಿದಿದ್ದಾರೆ.

ಸ್ಟಾಕಿನಲ್ಲಿರುವ ಸೈಜಿಗೆ ಇವರು ಮುಂಗಡವನ್ನೇ ಕೇಳುವುದಿಲ್ಲ. ಅಂಗಡಿಯ ಮರದಿಂದ ಬೇರೆ ಸೈಜು ಕೊಯ್ಯಬೇಕಾದರೆ ಅಂದಾಜಿನ ಶೇ 40. ನಿಮಗೆಂದೇ ದಿಮ್ಮಿ ತರಿಸಬೇಕಾದರೆ, ಅಂದರೆ ಅರಣ್ಯ ಇಲಾಖೆ ಡಿಪೋದ ಹರಾಜಿನಲ್ಲಿ ಹಿಡಿಯಬೇಕು ಅಥವಾ ಮಂಗಳೂರಿಂದ ಆಮದು ಮರ ಬರಬೇಕು ಎಂದಾದರೆ, ಶೇ 70. ನಿಮ್ಮದೇ ಮರ ತಂದರೆ ಕೊಯ್ಲಿನ ಕೂಲಿಯಲ್ಲಿ ಅರ್ಧ.

ಶೇ 40 ಎಲ್ಲಿಂದ ಬಂತು ಎಂದು ನೋಡಿ. ಮುಂಬಾಗಿಲಿಗೆ 6×4 ಇಂಚಿನ ದಾರಂದ ಕೊಯ್ಯಿಸಿ ಗಿರಾಕಿ ಬರಲಿಲ್ಲ ಎಂದುಕೊಳ್ಳೋಣ. ಅದನ್ನು ಬೇರೆಯವರು ಕೊಳ್ಳಬೇಕಾದರೆ 5×3ಕ್ಕೆ ಇಳಿಸಬೇಕು. 24 ಚದರ ಇಂಚಿನ ಮುಖದಲ್ಲಿ ಉಳಿಯುವುದು 15, ಹೋಗುವುದು 9, ಅಂದರೆ ಶೇ 37.5. ಹೋದದ್ದರಲ್ಲಿ ಒಂದಿಷ್ಟು ರೀಪಾಗುತ್ತದೆ, ಒಂದಿಷ್ಟು ಹೊಟ್ಟಾಗುತ್ತದೆ. ಎರಡನೇ ಸಲ ಕೊಯ್ದ ಕೂಲಿ ಬೇರೆ. ಹಾಗಾಗಿ ಶೇ 40 ಎಂಬುದು ಬಾಯಿಗೆ ಬಂದ ಅಂಕಿಯಲ್ಲ. ಕಿಟಕಿ, ಒಳಬಾಗಿಲಿನ ವಿಷಯದಲ್ಲಿ ನಷ್ಟ ಇಷ್ಟಾಗುವುದಿಲ್ಲ. 4×3ರ ಕಿಟಕಿ ಮರ ಉದ್ದ ಒಂದು ಹೊಂದಿತೆಂದರೆ ಯಾರಿಗಾದರೂ ಆಗುತ್ತದೆ. ಅದಕ್ಕೂ ಶೇ 40 ಕೇಳುವುದು ಹೆಚ್ಚಾಯಿತು, ಶೇ 20–25 ಸಾಕು.

ಮುಂಬಾಗಿಲಿನ ಗಡುಸು ಇರುವುದು ಆಯದಲ್ಲಿ. ವಾಸ್ತು ನೋಡುವವರು ಆಯ (ಯಜಮಾನನಿಗೆ ಕೂಡಿಬರುವ ಅಳತೆಯ ಲೆಕ್ಕ) ಕೂಡಿಸಿ ಕೊಟ್ಟ ಅಳತೆ 3 ಅಡಿ 5 ಇಂಚು 4 ನೂಲು (ನಾಲ್ಕು ನೂಲೆಂದರೆ ಅರ್ಧ ಇಂಚು) ಎಂದು ನಿಂತಿರುತ್ತದೆ. ಆ ಅಳತೆ ಪಕ್ಕದ ಮನೆಯ ಯಜಮಾನನಿಗೆ ಕೂಡುವುದಿಲ್ಲ. ಜೊತೆಗೆ ದಾರಂದ ನಿಲ್ಲಿಸುವುದಕ್ಕೆ ಮುಹೂರ್ತ ಇಟ್ಟಿರುತ್ತಾರೆ. ಆ ದಿನ ಮರ ಇಳಿಯದಿದ್ದರೆ ಮನೆಯವರು ಸುಮ್ಮನಿರುವುದಿಲ್ಲ. ಗಿರಾಕಿಗೂ ಮಿಲ್ಲಿಗೂ ಒಟ್ಟಿಗೆ ಕತ್ತರಿಗೆ ಸಿಕ್ಕುವ ಕೆಲಸ ಇದು. ಇಂಥ ಆರ್ಡರಿಗೆ ಶೇ 50 ಕೇಳಿದರೂ ಕೊಡಬಹುದು. ಪೂರ್ತಿ ದುಡ್ಡು ಮಾತ್ರ ಯಾರು ಕೇಳಿದರೂ ಕೊಡಬೇಡಿ. ಪೂರ್ತಿ ಸಿಕ್ಕಿದ ಮೇಲೆ ನಿಮ್ಮ ದಿಮ್ಮಿಯ ಸರದಿ ಹಿಂದೆ ಸರಿಯುತ್ತಾ ಹೋಗುತ್ತದೆ.

ಇನ್ನು ಶೇ 40 ಯಾವ ಮೊತ್ತದ ಮೇಲೆ? ಜಗಳ ಹುಟ್ಟುವುದು ಇಲ್ಲೇ. ಮೇಲಿನ ದಾರಂದಕ್ಕೆ ಏಳೂವರೆ ಅಡಿಯ ಎರಡು ನಿಲುವು, ನಾಲ್ಕೂವರೆ ಅಡಿಯ ಮೇಲ್ಪಟ್ಟಿ ಒಂದು, ಅಷ್ಟೇ ಉದ್ದದ ಹೊಸ್ತಿಲು ಒಂದು. ಒಟ್ಟು 24 ಅಡಿ. ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದರೆ ಘನ ಅಡಿ: 6×4×24 ಭಾಗ 144, ಸರಿಯಾಗಿ 4. ಆದರೆ ರಂದಾ ಹೊಡೆದ ಮೇಲೆ 6×4 ಉಳಿಯಬೇಕಾದರೆ ಕೊಯ್ಯುವಾಗ ಕಾಲು ಇಂಚು ಬಿಡಬೇಕು. 6¼×4¼ ಎಂದು ಲೆಕ್ಕ ಹಾಕಿದರೆ 4.43 ಸಿಎಫ್‌ಟಿ. ಸಿಎಫ್‌ಟಿಗೆ 3,500 ರೂಪಾಯಿ ಎಂದಿಟ್ಟುಕೊಂಡರೆ ಒಂದು ಲೆಕ್ಕದಲ್ಲಿ 14,000, ಇನ್ನೊಂದರಲ್ಲಿ ಸುಮಾರು 15,500. ಎರಡೂ ನ್ಯಾಯವೇ. ಯಾವುದೆಂದು ಚೀಟಿಯಲ್ಲಿ ಇರಬೇಕು ಅಷ್ಟೆ. ಈ ಮಿಲ್ಲಿನ ಚೀಟಿಯಲ್ಲಿ "ಕೊಯ್ದ ಸೈಜು" ಎಂದು ಮುದ್ರಿಸಿಯೇ ಇದೆ, ಇದಕ್ಕೊಂದು ಮೆಚ್ಚುಗೆ. ಜಿಎಸ್‌ಟಿ ಸೇರಿಯೋ ಹೊರತೋ ಎಂಬುದು ಮಾತ್ರ ಇಲ್ಲ. ಕೊಯ್ದ ಮರಕ್ಕೆ ಶೇ 18 ಬೀಳುವುದರಿಂದ ಇದು ಸಣ್ಣ ಮರೆವಲ್ಲ.

ಚೀಟಿ ಬರೆಸುವಾಗ ಒಳಮೈ, ಹೊರಮೈ ಎಂದು ಬಾಯಿಬಿಟ್ಟು ಹೇಳಿ. ಆಯದವರು ಕೊಟ್ಟದ್ದು ಒಳಗಿನ ತೆರವಿನ ಅಳತೆಯಾಗಿದ್ದು, ಮಿಲ್ಲಿನ ಹುಡುಗ ಹೊರಮೈ ಎಂದು ಬರೆದುಕೊಂಡರೆ 4 ಇಂಚಿನ ಎರಡು ನಿಲುವು ಸೇರಿ 8 ಇಂಚು ಕಮ್ಮಿಯಾಗುತ್ತದೆ. ಆ ಮರ ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಅಳತೆ ಹೇಳಿ, ಯುಪಿಐಯಲ್ಲಿ ದುಡ್ಡು ಹಾಕಿ, ಆಚಾರಿಯನ್ನು (ಬಡಗಿಯನ್ನು) ಕೇಳದೆ ಕೊಟ್ಟ ಆರ್ಡರುಗಳೇ ಹೆಚ್ಚಾಗಿ ಹೀಗೆ ಕೆಡುತ್ತವೆ. ಆಚಾರಿ ಕೈಯಲ್ಲಿ ಒಂದು ಚಿತ್ರ ಗೀಚಿಸಿ, ಅದರ ಮೇಲೆ ಎರಡೂ ಕಡೆಯವರ ರುಜು ಹಾಕಿಸುವುದಕ್ಕೆ ಐದು ನಿಮಿಷ ಸಾಕು.

ಮುಂಗಡಕ್ಕೆ ರಸೀದಿ ಕೊಡುತ್ತಾರೆ, ಆದರೆ ಕೇಳಿದರೆ ಮಾತ್ರ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಮುಂಗಡ ಪಡೆದಾಗ ರಸೀದಿ ವೋಚರು ಕೊಡಲೇಬೇಕು, ಆರ್ಡರ್ ರದ್ದಾಗಿ ದುಡ್ಡು ವಾಪಸು ಕೊಟ್ಟರೆ ರೀಫಂಡ್ ವೋಚರು. ಇಲ್ಲೊಂದು ಸೂಕ್ಷ್ಮ ಇದೆ. ಸರಕಿಗೆ ಪಡೆದ ಮುಂಗಡದ ಮೇಲೆ ಆಗಲೇ ಜಿಎಸ್‌ಟಿ ಕಟ್ಟುವ ಪದ್ಧತಿ 2017ರ ನವೆಂಬರ್‌ನಲ್ಲೇ ಹೋಯಿತು. ತೆರಿಗೆ ಬರುವುದು ಬಿಲ್ಲು ಮಾಡುವಾಗ. ನಿಮ್ಮ ದಿಮ್ಮಿಯನ್ನು ಕೊಯ್ದುಕೊಡುವುದು ಸೇವೆ, ಅದಕ್ಕೆ ಕೊಟ್ಟ ಮುಂಗಡದ ಮೇಲೆ ತೆರಿಗೆ ಆಗಲೇ ಬರುತ್ತದೆ. ಮರ ಕೊಳ್ಳುವ ಆರ್ಡರಿನಲ್ಲಿ "ಮುಂಗಡದ ಜಿಎಸ್‌ಟಿ" ಎಂದು ಬೇರೆ ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ. ಯುಪಿಐ ಮಾಡುವಾಗ ಅಂಗಡಿ ಹೆಸರಿನ ಖಾತೆಗೇ ಮಾಡಿ, ಚೀಟಿ ನಂಬರನ್ನು ಷರಾದಲ್ಲಿ ಹಾಕಿ. ಮೇಸ್ತ್ರಿಯ ಸ್ವಂತ ನಂಬರಿಗೆ ಹೋದ ಹಣಕ್ಕೆ ಲೆಕ್ಕ ಹೇಳುವವರು ಸಿಗುವುದಿಲ್ಲ. ದೊಡ್ಡ ಮನೆಯ ಪೂರ್ತಿ ಮರಕ್ಕೆ ನಗದು ಕೊಡುವವರು ಒಂದು ವಹಿವಾಟಿಗೆ 2 ಲಕ್ಷ ರೂಪಾಯಿಯ ಮಿತಿಯನ್ನು ನೆನಪಿಡಬೇಕು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ದಂಡ ಇದೆ.

ಈಗ ನಮಗೆ ನಿಜಕ್ಕೂ ಬೇಸರ ತರಿಸಿದ ವಿಷಯ. ಚೀಟಿಯಲ್ಲಿ "ಒಣ ಮರ" ಎಂದು ಬರೆಯುತ್ತಾರೆ, ತೇವಾಂಶದ ಅಂಕಿ ಬರೆಯುವುದಿಲ್ಲ. ಗಾಳಿಗೆ ಒಣಗುವ ಗಟ್ಟಿ ಮರಕ್ಕೆ ಇಂಚಿಗೆ ಒಂದು ವರ್ಷ ಎಂಬುದು ಹಳೆಯ ಅಂದಾಜು. 4 ಇಂಚು ದಪ್ಪದ ದಾರಂದ ಹೋದ ವರ್ಷ ಕಡಿದ ಮರದ್ದಾಗಿದ್ದರೆ ಅದು ನಡುವಿನವರೆಗೆ ಒಣಗಿರಲು ಸಾಧ್ಯವೇ ಇಲ್ಲ, ಮೇಲ್ಮೈ ಎಷ್ಟೇ ಬಿಸಿಲು ಕಂಡಿರಲಿ. ಮಲೆನಾಡಿನ ಮಳೆಗಾಲದಲ್ಲಂತೂ ಶೆಡ್ಡಿನೊಳಗಿನ ಮರವೂ ಒದ್ದೆ ಹಿಡಿದುಕೊಂಡೇ ಇರುತ್ತದೆ. ಹಸಿ ದಾರಂದ ನಿಲ್ಲಿಸಿ ಗಾರೆ ಮಾಡಿದರೆ ಬೇಸಿಗೆಯಲ್ಲಿ ಗೋಡೆಗೂ ಮರಕ್ಕೂ ನಡುವೆ ಗೆರೆ ಬಿಡುತ್ತದೆ, ಮೂಲೆಯ ಸೇರಿಕೆ ಬಾಯಿ ತೆರೆಯುತ್ತದೆ. ಹಲಸಾದರೂ ಅಷ್ಟೆ, ಮತ್ತಿಯಾದರೂ ಅಷ್ಟೆ. ತೇಗ ಉಳಿದವಕ್ಕಿಂತ ಕಮ್ಮಿ ಕುಗ್ಗುತ್ತದೆ, ಕುಗ್ಗುವುದೇ ಇಲ್ಲ ಎಂದಲ್ಲ. ಅಕೇಶಿಯಾ ಕೊಯ್ಯುವಾಗಲೇ ಒಳಗಿನ ಬಿಗಿತ ಬಿಟ್ಟುಕೊಂಡು ಬಿಲ್ಲಾಗುತ್ತದೆ. ಅದರಲ್ಲಿ ಉದ್ದ ನಿಲುವು ಕೇಳಲೇಬೇಡಿ.

ಇದಕ್ಕೆ ಮುಂಗಡವನ್ನೇ ಉಪಯೋಗಿಸಿಕೊಳ್ಳಬಹುದು. ದೀಪಾವಳಿ ಹೊತ್ತಿಗೆ ಶೇ 40 ಕೊಟ್ಟು ಕೊಯ್ಯಿಸಿಬಿಟ್ಟರೆ ಏಪ್ರಿಲ್‌ವರೆಗೆ ಐದು ತಿಂಗಳು ಮರ ಅಟ್ಟಿಯಲ್ಲಿ (ಸಾಲುಸಾಲಾಗಿ ಪೇರಿಸಿದ ರಾಶಿಯಲ್ಲಿ) ಕೂರುತ್ತದೆ, ನಡುವಿನವರೆಗೆ ಒಣಗದಿದ್ದರೂ ಅಷ್ಟರಮಟ್ಟಿಗೆ ಒಣಗುತ್ತದೆ. ಅಷ್ಟರಲ್ಲಿ ಅಡಿಕೆ ದುಡ್ಡೂ ಬಂದಿರುತ್ತದೆ, ಬಾಕಿ ಕೊಡುವುದು ಸಲೀಸು. ಈ ಮಿಲ್ಲಿನವರು 60 ದಿನ ಜಾಗದ ಬಾಡಿಗೆ ಇಲ್ಲದೆ ಇಟ್ಟುಕೊಳ್ಳುತ್ತಾರೆ, ಉಳಿದ ದಿನಗಳ ಮಾತನ್ನು ಮೊದಲೇ ಆಡಿಕೊಳ್ಳಿ. ಅಟ್ಟಿ ನೆಲದಿಂದ ಒಂದಡಿ ಮೇಲಿರಬೇಕು, ಪ್ರತಿ ಎರಡಡಿಗೆ ಇಂಚು ದಪ್ಪದ ರೀಪು ಕೊಟ್ಟಿರಬೇಕು, ಮೇಲಿನ ಸಾಲಿನ ರೀಪು ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಮರ ಅಲೆಯಾಗುತ್ತದೆ. ತುದಿಗಳಿಗೆ ಹಳೆಯ ಆಯಿಲ್ ಪೇಂಟಾದರೂ ಬಳಿದಿರಬೇಕು, ಬಿರುಕು ಶುರುವಾಗುವುದೇ ತುದಿಯಿಂದ. ಇವರ ಅಟ್ಟಿ ಚೆನ್ನಾಗಿದೆ. ತುದಿಗೆ ಬಣ್ಣ ಬಳಿಯುವುದಿಲ್ಲ, ನೀವೇ ಡಬ್ಬ ತೆಗೆದುಕೊಂಡು ಹೋಗಿ.

ಬಾಕಿ ದುಡ್ಡನ್ನು ಎರಡು ಕಂತು ಮಾಡಿಕೊಳ್ಳಲು ಇವರು ಒಪ್ಪುತ್ತಾರೆ: ಕೊಯ್ದ ಮರ ನೋಡಿದ ಮೇಲೆ ಶೇ 40, ಗಾಡಿಗೆ ಹಾಕುವಾಗ ಶೇ 20. ನಡುವಿನ ಕಂತು ಕೊಡುವ ಮುಂಚೆ, ರಂದಾ ಹೊಡೆಯುವುದಕ್ಕೂ ಮುಂಚೆ, ಆಚಾರಿಯನ್ನು ಕರೆದುಕೊಂಡು ಹೋಗಿ. ತುದಿ ನೋಡಿ: ದಿಮ್ಮಿಯ ತಿರುಳು ನಿಲುವಿನ ನಡುವೆ ಬಂದಿದ್ದರೆ ಅದು ಇವತ್ತಲ್ಲ ನಾಳೆ ಸೀಳುತ್ತದೆ. ಮೂಲೆಯಲ್ಲಿ ಬಿಳಿ (ಸಿಪ್ಪೆಯ ಒಳಗಿನ ಎಳೆಯ ಮರ) ಇದೆಯೇ ನೋಡಿ. ಚೇಗಿಗೆ (ಒಳಗಿನ ಬಲಿತ ಗಟ್ಟಿ ಮರಕ್ಕೆ) ಹತ್ತದ ಹುಳ ಬಿಳಿಗೆ ಹತ್ತುತ್ತದೆ, ಹೊಸ್ತಿಲಿನ ಅಡಿಭಾಗದಲ್ಲಿ ಬಿಳಿ ಸಿಕ್ಕರೆ ಒರಲೆಗೆ ಹಬ್ಬ. ಸಣ್ಣ ಗಂಟು ಪರವಾಗಿಲ್ಲ, ಕೀಲು ಬರುವ ಜಾಗದಲ್ಲಿ ಇರಬಾರದು. ತೇವಾಂಶದ ಮೀಟರನ್ನು ತುದಿಗೆ ಚುಚ್ಚಿ ತೋರಿಸಿದರೆ ನಂಬಬೇಡಿ, ತುದಿ ಮೊದಲು ಒಣಗುತ್ತದೆ. ತುದಿಯಿಂದ ಒಂದಡಿ ಒಳಗೆ ಎರಡು ಮೂರು ಕಡೆ ಚುಚ್ಚಿಸಿ. ಹಾಗೆ ಮಾಡಿದರೂ ಸೂಜಿ ಹೋದಷ್ಟು ಆಳದ ಅಂಕಿ ಮಾತ್ರ ಸಿಗುತ್ತದೆ, ನಡುವಿನದು ಅದಕ್ಕಿಂತ ಹೆಚ್ಚೇ ಇರುತ್ತದೆ. ಬಾಗಿಲಿನ ಹಲಗೆಗಾದರೆ ಶೇ 12ರಿಂದ 15ರೊಳಗೆ ಇರಲೇಬೇಕು.

ದಿಮ್ಮಿ ಕೊಯ್ದಾಗ ಒಳಗೆ ಟೊಳ್ಳು ಬಂದರೆ? ಅಂಗಡಿಯ ಮರವಾದರೆ ನಷ್ಟ ತಮ್ಮದೇ ಎಂದು ಇವರು ಒಪ್ಪಿಕೊಳ್ಳುತ್ತಾರೆ, ಬೇರೆ ದಿಮ್ಮಿ ಹಾಕುತ್ತಾರೆ. ಶೇ 70 ಕೊಟ್ಟು ತರಿಸಿದ ದಿಮ್ಮಿಯಾದರೆ ರಾಗ ಬದಲಾಗುತ್ತದೆ: "ಅದು ನಿಮ್ಮ ಹೆಸರಲ್ಲಿ ತಂದದ್ದು." ನಮ್ಮ ಪ್ರಕಾರ ಇದು ಸರಿಯಲ್ಲ. ದಿಮ್ಮಿ ಆರಿಸಿದವರು ಮಿಲ್ಲಿನವರು, ಲಾಭ ಹಾಕಿಕೊಂಡವರೂ ಅವರೇ. ದಿಮ್ಮಿಯ ಖರೀದಿ ಬಿಲ್ಲಿನ ಪ್ರತಿ, ಸಾಗಣೆ ಪಾಸಿನ ಪ್ರತಿ ಕೊಡುವುದಾದರೆ ಮಾತ್ರ ಶೇ 70 ಕೊಡಿ. ಪಾಸಿಲ್ಲದ ಬೀಟೆ, ತೇಗ ಮನೆಗೆ ಬಂದರೆ ತಲೆನೋವು ಮಿಲ್ಲಿನವರಿಗಿಂತ ನಿಮಗೆ ಹೆಚ್ಚು.

ನಿಮ್ಮ ತೋಟದ ಮರವಾದರೆ ದಿಮ್ಮಿಯೇ ಮಿಲ್ಲಿನ ಕೈಯಲ್ಲಿರುವ ಒತ್ತೆ. ಮತ್ತೆ ಮುಂಗಡ ಯಾಕೆ ಬೇಕೋ ತಿಳಿಯದು. ಕಡಿಯುವ ಅನುಮತಿ, ಸಾಗಣೆ ಪಾಸು ಮರದ ಜಾತಿಯ ಮೇಲೆ ಹೋಗುತ್ತವೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡು, ಕಾಗದ ಕೈಗೆ ಬಂದ ಮೇಲೆ ಮಿಲ್ಲಿಗೆ ಹೋಗಿ. ದಿಮ್ಮಿ ಇಳಿಸುವಾಗ ಸುತ್ತಳತೆ, ಉದ್ದ ಇಬ್ಬರೂ ಸೇರಿ ಹಿಡಿದು ಬರೆದುಕೊಳ್ಳಿ, ಎರಡೂ ತುದಿಗೆ ಬಣ್ಣದ ಗುರುತು ಹಾಕಿ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು ವ್ಯಾಪಾರದ ಲೆಕ್ಕ. 48 ಇಂಚು ಸುತ್ತಿನ 10 ಅಡಿ ದಿಮ್ಮಿ 10 ಸಿಎಫ್‌ಟಿ ಎಂದು ಬರುತ್ತದೆ. ಈ ಲೆಕ್ಕ ಮರದ ನಿಜವಾದ ಗಾತ್ರದ ಶೇ 78.5 ಮಾತ್ರ ಹಿಡಿಯುತ್ತದೆ; ಸಿಪ್ಪೆ, ಚಕ್ಕೆ, ಹೊಟ್ಟಿಗೆಂದು ಉಳಿದದ್ದನ್ನು ಆಗಲೇ ಬಿಟ್ಟಿರುತ್ತದೆ. ಅದರ ಮೇಲೂ "ವೇಸ್ಟೇಜು" ಎಂದು ಬಹಳ ಕಳೆಯುವವರ ಹತ್ತಿರ ಕೊಯ್ದ ತುಂಡುಗಳ ಪಟ್ಟಿ ಕೇಳಿ.

ಚೀಟಿಯ ಹಿಂಬದಿಯ ಷರತ್ತುಗಳಲ್ಲಿ ಒಂದು ಕಣ್ಣಿಗೆ ಚುಚ್ಚುತ್ತದೆ: "ಆರ್ಡರ್ ರದ್ದು ಮಾಡಿದರೆ ಮುಂಗಡ ವಾಪಸು ಇಲ್ಲ." ಬ್ಲೇಡು ಮುಟ್ಟುವ ಮುಂಚೆ ರದ್ದಾದರೂ ಹೀಗೆಯೇ? ಮಾಲೀಕರನ್ನು ಕೇಳಿದರೆ ಬಾಯಲ್ಲಿ "ಇಲ್ಲ, ಕೊಡ್ತೀವಿ" ಎನ್ನುತ್ತಾರೆ. ಹಾಗಿದ್ದರೆ ಹಾಗೆಯೇ ಬರೆಯಬಹುದಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದಾಗ ಸಿಗುವುದು ನ್ಯಾಯವಾದ ಪರಿಹಾರ, ಬರೆದುಕೊಂಡಷ್ಟೂ ಅಲ್ಲ. ನಷ್ಟಕ್ಕೆ ಹೊಂದದ ದಂಡ, ಅತಿಯಾದ ಠೇವಣಿ ಇವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎನ್ನುತ್ತದೆ. ಆ ದೂರು ಹೋಗಬೇಕಾದದ್ದು ರಾಜ್ಯ ಆಯೋಗಕ್ಕೆ. ದುಡ್ಡು ಪಡೆದು ಮರ ಕೊಡಲಿಲ್ಲ, ಕೊಟ್ಟ ಮರ ಕೆಟ್ಟದ್ದು ಎಂಬಂಥ ದೂರಿಗೆ ಶಿವಮೊಗ್ಗದ ಜಿಲ್ಲಾ ಆಯೋಗ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಗಿರಾಕಿ ತಡಮಾಡಿದರೆ ಏನೆಂದು ಚೀಟಿಯಲ್ಲಿದೆ, ಮಿಲ್ಲು ತಡಮಾಡಿದರೆ ಏನೆಂದು ಇಲ್ಲ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಕರೆಂಟು ಹೋಗುತ್ತದೆ, ಕಾಡುದಾರಿಯಲ್ಲಿ ಲಾರಿ ಹೂಳುತ್ತದೆ. ಆ ತಿಂಗಳುಗಳಲ್ಲಿ ಇವರು ಕೊಡುವ ತಾರೀಖಿಗೆ ಎರಡು ವಾರ ಸೇರಿಸಿಕೊಂಡೇ ಮುಹೂರ್ತ ಇಡಿಸಿ. "ಇಂಥ ದಿನದೊಳಗೆ ಕೊಡದಿದ್ದರೆ ಮುಂಗಡ ಪೂರ್ತಿ ವಾಪಸು" ಎಂದು ಪೆನ್ನಿನಲ್ಲಿ ಸೇರಿಸಿ ಎಂದರೆ ಸೇರಿಸಿಕೊಡುತ್ತಾರೆ, ತಕರಾರು ಮಾಡುವುದಿಲ್ಲ. ಚಕ್ಕೆ, ಸೌದೆ ಯಾರಿಗೆ, ಗಾಡಿಗೆ ಹಾಕುವ ಕೂಲಿ ಯಾರದ್ದು ಎಂಬುದನ್ನೂ ಅದೇ ಪೆನ್ನಿನಲ್ಲಿ ಬರೆಸಿಬಿಡಿ. ಬಾಡಿಗೆ ಗಾಡಿ ಬಂದು ನಿಂತ ಮೇಲೆ ಆ ಮಾತು ತೆಗೆದರೆ ಹೊರೆಗೆ ಇನ್ನೂರು ಮುನ್ನೂರು ಹೆಚ್ಚೇ ಹೋಗುತ್ತದೆ.