ವಾರ್ಡ್ ಮೆಂಬರಿನಿಂದ ದಿಲ್ಲಿಯವರೆಗೆ: ಕಾಸರಗೋಡಿನ ಜನಪ್ರತಿನಿಧಿ ಸೇವೆ, ಒಂದು ವಿಮರ್ಶೆ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ. ಗುಡ್ಡೆಯಿಂದ ಇಳಿದು ಬರುವ ಪಂಚಾಯತು ರಸ್ತೆ, ಅದು ಬಂದು ಸೇರುವ ಸರ್ವಿಸ್ ರಸ್ತೆ, ನಡುವೆ ಸ್ಲ್ಯಾಬ್ ಮುಚ್ಚಿದ ಕಾಂಕ್ರೀಟ್ ಚರಂಡಿ. ಜೂನಿನ ಮೊದಲ ಜೋರು ಮಳೆಗೆ ಗುಡ್ಡೆಯ ಕೆಂಪು ಮಣ್ಣು ಚರಂಡಿಯ ಬಾಯಿಗೆ ಬಂದು ಕೂತರೆ ನೀರು ನೇರ ಅಂಗಡಿಯೊಳಗೆ. ಜನ ಮೊದಲು ಫೋನ್ ಮಾಡುವುದು ವಾರ್ಡ್ ಮೆಂಬರಿಗೆ. ಮೆಂಬರು ಬೇಗ ಬರುತ್ತಾರೆ, ಆದರೆ ಆ ಸ್ಲ್ಯಾಬ್ ಎತ್ತಿಸುವ ಅಧಿಕಾರ ಅವರಿಗಿಲ್ಲ. ಚರಂಡಿ ಹೆದ್ದಾರಿ ಪ್ರಾಧಿಕಾರದ್ದು. ಶಾಸಕರು ಲೋಕೋಪಯೋಗಿ ಇಲಾಖೆಗೆ ಹೇಳಬಲ್ಲರು, ಇದು ಆ ಇಲಾಖೆಯ ರಸ್ತೆಯಲ್ಲ. ಸಂಸದರು ದಿಲ್ಲಿಗೆ ಬರೆಯಬಲ್ಲರು, ಉತ್ತರ ಬರುವಾಗ ಮಳೆಗಾಲ ಕಳೆದಿರುತ್ತದೆ.

ಚುನಾವಣೆಯಲ್ಲಿ ಗೆದ್ದವರಿಂದ ನಮಗೆ ಸಿಗುವುದೂ ಒಂದು ಸೇವೆಯೇ. ಅಂಗಡಿ, ಆಸ್ಪತ್ರೆಗಳನ್ನು ಅಳೆಯುವ ಹಾಗೆ ಇದನ್ನೂ ಅಳೆಯಬೇಕು. ಅಳೆಯುವ ಮೊದಲು ಯಾರ ಕೈ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದು ಗೊತ್ತಿರಬೇಕು. ಇಲ್ಲವಾದರೆ ಮೆಂಬರಿಗೆ ಬೈಯಬಾರದ ವಿಷಯಕ್ಕೆ ಬೈಯುತ್ತೇವೆ, ಬಿಡಬಾರದ ವಿಷಯದಲ್ಲಿ ಬಿಟ್ಟುಬಿಡುತ್ತೇವೆ. ನಮ್ಮ ಅಳತೆಗೋಲು ಎರಡೇ. ಕೈಯಲ್ಲಿದ್ದದ್ದನ್ನು ಮಾಡಿದರೇ? ಕೈಯಲ್ಲಿಲ್ಲದ್ದನ್ನು ಇಲ್ಲವೆಂದು ಮುಖಕ್ಕೆ ಹೇಳಿ, ಯಾರ ಕೈಯಲ್ಲಿದೆ ಎಂದು ತೋರಿಸಿದರೇ?

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ವಾರ್ಡ್ ಮಟ್ಟದ ಸೇವೆ. ಕಾರಣ ಕೇರಳದ ಕಾನೂನಿನಲ್ಲೇ ಇದೆ. 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಕರೆಯುವ ಹೊಣೆ ವಾರ್ಡ್ ಮೆಂಬರಿನದು. ಸತತ ಎರಡು ಬಾರಿ ಕರೆಯದಿದ್ದರೆ ಸದಸ್ಯತ್ವಕ್ಕೇ ಕುತ್ತು. ಮತದಾರರ ಹತ್ತರಲ್ಲೊಂದು ಪಾಲು ಹಾಜರಿದ್ದರೆ ಕೋರಂ. ಮನೆ, ಶೌಚಾಲಯ, ಬಾವಿಯ ಫಲಾನುಭವಿಗಳ ಪಟ್ಟಿಗೆ ಗ್ರಾಮಸಭೆ ಕೊಟ್ಟ ಆದ್ಯತೆಯ ಕ್ರಮವನ್ನು ಪಂಚಾಯತು ಅದಲುಬದಲು ಮಾಡುವಂತಿಲ್ಲ. ಇದು ದೊಡ್ಡ ಬಲ. ಹಾಗಿದ್ದೂ ನಮ್ಮಲ್ಲಿ ಹೆಚ್ಚಿನವರು ಪಟ್ಟಿ ಅಂತಿಮವಾದ ಮೇಲೆ ಮೆಂಬರ ಮನೆಬಾಗಿಲಿಗೆ ಹೋಗುತ್ತಾರೆ. ಆಗ ಮೆಂಬರು ಏನೂ ಮಾಡಲಾರರು, ಮಾಡಲೂಬಾರದು. ಹೋಗಬೇಕಾದದ್ದು ಸಭೆಗೆ. ಹೆಸರು ಓದುವಾಗ ಕೂತಿರಬೇಕು, ತಕರಾರಿದ್ದರೆ ಅಲ್ಲೇ ಎದ್ದು ಹೇಳಬೇಕು, ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ನೋಡಿಯೇ ಸಹಿ ಹಾಕಬೇಕು.

ಪಂಚಾಯತಿನ ಮಿತಿ ಎರಡು ಕಡೆ ಎದ್ದು ಕಾಣುತ್ತದೆ. ಯೋಜನೆ ಪಂಚಾಯತಿನದೇ ಆದರೂ ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು, ಹಣ ಟ್ರೆಷರಿಯಿಂದ ಬರಬೇಕು. ಮಾರ್ಚ್ ಕೊನೆಗೆ ರಾಜ್ಯದ ಕೈ ಬಿಗಿಯಾದರೆ ಬಿಲ್ಲುಗಳು ಸಾಲುಗಟ್ಟುತ್ತವೆ, ಮುಗಿದ ಕೆಲಸದ ಹಣವೂ ಮುಂದಿನ ವರ್ಷದ ಪಾಲಿನಿಂದ ಹೋಗುತ್ತದೆ. ಇನ್ನೊಂದು, ನೌಕರರು. ಕಾರ್ಯದರ್ಶಿಯಾಗಲಿ ಕ್ಲರ್ಕ್ ಆಗಲಿ ಪಂಚಾಯತು ಆರಿಸಿಕೊಂಡವರಲ್ಲ, ರಾಜ್ಯ ಕಳಿಸಿದವರು. ದೂರದ ದಕ್ಷಿಣ ಜಿಲ್ಲೆಗಳಿಂದ ಬಂದವರು ವರ್ಗಾವಣೆಗೆ ಕಾಯುತ್ತಾರೆ, ಅವರು ಹೋದ ಮೇಲೆ ಕುರ್ಚಿ ಖಾಲಿ ಬೀಳುತ್ತದೆ. ಅಧ್ಯಕ್ಷರು ಎಷ್ಟೇ ಚುರುಕಾಗಿದ್ದರೂ ಖಾಲಿ ಕುರ್ಚಿಯಿಂದ ಸಹಿ ಹಾಕಿಸಲಾಗದು. ಕನ್ನಡ ಮತ್ತು ಮಲಯಾಳ ಎರಡೂ ಗೊತ್ತಿರುವ ಕ್ಲರ್ಕುಗಳ ಹುದ್ದೆಗೆ ಕೇರಳ ಲೋಕಸೇವಾ ಆಯೋಗ (ಪಿಎಸ್‌ಸಿ) ಬೇರೆಯೇ ಪಟ್ಟಿ ಮಾಡುವುದುಂಟು. ಆ ಪಟ್ಟಿಯಿಂದ ಬಂದವರು ಯಾವ ಮೇಜಿನಲ್ಲಿ ಕೂತಿದ್ದಾರೆ ಎಂದು ಕೇಳಿ. ಜನರ ಅರ್ಜಿ ಬರುವ ಮೇಜಿನಲ್ಲಿ ಇಲ್ಲದಿದ್ದರೆ ಅದನ್ನು ಸರಿಪಡಿಸಲು ತಿರುವನಂತಪುರಕ್ಕೆ ಹೋಗಬೇಕಾಗಿಲ್ಲ.

ಶಾಸಕರ ಸೇವೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕೇರಳ ವಿಧಾನಸಭೆಯಲ್ಲಿ 140 ಸ್ಥಾನ. ಕನ್ನಡದ ಪ್ರಶ್ನೆ ಮತಪೆಟ್ಟಿಗೆಯನ್ನು ನಿಜವಾಗಿ ಮುಟ್ಟುವುದು ಮಂಜೇಶ್ವರ ಮತ್ತು ಕಾಸರಗೋಡು, ಎರಡೇ ಕ್ಷೇತ್ರಗಳಲ್ಲಿ. ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅದಕ್ಕೆ ಗೌರವ ಸಲ್ಲಬೇಕು. ಆದರೆ ಪ್ರಮಾಣವಚನ ಮುಗಿದ ಮೇಲೆ ಮಸೂದೆಗೆ ಮತ ಹಾಕುವ ಹೊತ್ತು ಬಂದರೆ, 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಎಲ್ಲ ಪಕ್ಷದವರನ್ನೂ ಕಟ್ಟಿಹಾಕುತ್ತದೆ. ಹೀಗೇ ಮತ ಹಾಕಬೇಕೆಂದು ಪಕ್ಷ ವಿಪ್ ಕೊಟ್ಟ ಮೇಲೆ ಊರಿನ ಮಾತು ಕೇಳಿ ಬೇರೆ ಕಡೆ ಕೈ ಎತ್ತಿದರೆ ಸದಸ್ಯತ್ವ ಹೋಗಬಹುದು. ಇದರ ಜೊತೆಗೆ ಗೆಲುವಿನ ಅಂತರ ನೋಡಿ. ಮಂಜೇಶ್ವರದಲ್ಲಿ 2016ರ ಅಂತರ 89 ಮತ, 2021ರದ್ದು 745. ಸಪ್ತಭಾಷೆಗಳ ನಾಡು ಎಂದು ನಾವು ಹೆಮ್ಮೆಯಿಂದ ಹೇಳುವ ಜಾಗದಲ್ಲಿ, ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಮನೆಗಳ ನಡುವೆ, 89 ಮತ ಎಂದರೆ ಒಂದು ಬೈಲಿನ ಹತ್ತಿಪ್ಪತ್ತು ಮನೆ. ಯಾರನ್ನೂ ಎದುರು ಹಾಕಿಕೊಳ್ಳದ ಮಾತನ್ನೇ ಅಭ್ಯರ್ಥಿಗಳು ಆರಿಸಿ ಆರಿಸಿ ಆಡುವುದು ಇದರಿಂದಲೇ.

ಶಾಸಕರ ಬಳಿ ಅತಿ ಹೆಚ್ಚು ತಪ್ಪಾಗಿ ಕೇಳಲಾಗುವುದು ಶಿಕ್ಷಕರ ನೇಮಕಾತಿಯ ವಿಷಯ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಸರಿಯಾಗಿ ಬಾರದ ಶಿಕ್ಷಕರು ಬಂದದ್ದಕ್ಕೆ ಜಿಲ್ಲೆಯಲ್ಲಿ ಮತ್ತೆ ಮತ್ತೆ ಪ್ರತಿಭಟನೆಗಳಾಗಿವೆ. ಹೆತ್ತವರ ಸಿಟ್ಟು ನ್ಯಾಯವಾದದ್ದು. ಎಂಟನೇ ತರಗತಿಯ ಮಗು ಗಣಿತದ ಲೆಕ್ಕವನ್ನು ತನಗೆ ತಿಳಿಯದ ಭಾಷೆಯಲ್ಲಿ ಕೇಳುತ್ತ ಕೂತರೆ ಆ ವರ್ಷ ಹೋದದ್ದೇ. ಆದರೆ ಮನವಿಯಲ್ಲಿ ಬರೆಯುವುದು ‘ಈ ನೇಮಕಾತಿ ರದ್ದು ಮಾಡಿಸಿ’ ಎಂದು. ಪಿಎಸ್‌ಸಿ ಸಾಂವಿಧಾನಿಕ ಸಂಸ್ಥೆ. ಅದರ ರ‍್ಯಾಂಕ್ ಪಟ್ಟಿಯಲ್ಲಿ ಒಂದು ಹೆಸರನ್ನು ಕೆಳಗೆ ಮೇಲೆ ಮಾಡಲು ಮುಖ್ಯಮಂತ್ರಿಗೂ ಬಾರದು. ಸರಕಾರದ ಕೈಯಲ್ಲಿರುವುದು ಏನೆಂದರೆ, ಆ ಹುದ್ದೆಗೆ ಏನು ಅರ್ಹತೆ ಬೇಕೆಂಬ ವಿಶೇಷ ನಿಯಮವನ್ನು ಬರೆಯುವುದು. ‘ಕನ್ನಡ ಜ್ಞಾನ’ ಎಂದು ಸಡಿಲವಾಗಿ ಬರೆದರೆ ಕಾಗದದ ಮೇಲಿನ ಕನ್ನಡವೂ ಸಾಕಾಗುತ್ತದೆ. ಆ ವಿಷಯವನ್ನು ಕನ್ನಡದಲ್ಲಿ ಓದಿದ, ಕನ್ನಡದಲ್ಲಿ ಪಾಠ ಮಾಡಿ ತೋರಿಸಬಲ್ಲವರೇ ಬೇಕೆಂದು ಬಿಗಿಯಾಗಿ ಬರೆಸಿದರೆ ಮುಂದಿನ ಅಧಿಸೂಚನೆಯಿಂದಲೇ ಸರಿಹೋಗುತ್ತದೆ. ಶಾಸಕರು ಸದನದ ಪ್ರಶ್ನೋತ್ತರದಲ್ಲಿ, ಊರಿನ ವಿಷಯವನ್ನು ಸರಕಾರದ ಮುಂದಿಡುವ ಸಬ್ಮಿಷನ್‌ನಲ್ಲಿ ಎತ್ತಬೇಕಾದದ್ದು ಈ ಒಂದು ವಾಕ್ಯ. ಶಾಲೆಯ ಗೇಟಿನ ಮುಂದೆ ಒಂದು ದಿನ ಕೂತು ಹೋಗುವ ನಾಯಕರಿಗಿಂತ ಈ ವಾಕ್ಯದ ಬೆನ್ನು ಹತ್ತಿದವರಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ.

ಈಗ ಕನ್ನಡದಲ್ಲಿ ಅರ್ಜಿ ಕೊಡುವ ವಿಷಯ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸ್ಪಷ್ಟ ಅವಕಾಶವಿದೆ: ಸೆಕ್ರೆಟೇರಿಯೆಟ್ಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಜಾಗದ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿ ಬರೆಯುವ ಹಕ್ಕು ಮಾತ್ರ ಕೊಡುತ್ತದೆ, ಉತ್ತರದ ಭಾಷೆಯ ಬಗ್ಗೆ ಸುಮ್ಮನಿದೆ. ಆದ್ದರಿಂದ ಅರ್ಜಿಯಲ್ಲಿ ಎತ್ತಬೇಕಾದದ್ದು 1969ರ ಕಾಯ್ದೆಯನ್ನೇ.

ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ತೀರ್ವೆಯ (ಭೂಕಂದಾಯದ) ತಕರಾರನ್ನೂ ರಸ್ತೆಯ ದೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಎರಡು ವಿಭಾಗಗಳ ನಡುವೆ ಅದು ಕಳೆದುಹೋಗುತ್ತದೆ. ಎರಡು ಪ್ರತಿ ಮಾಡಿ. ಕೊನೆಯ ಸಾಲು ಹೀಗಿರಲಿ: ‘1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇದಕ್ಕೆ ಕನ್ನಡದಲ್ಲೇ ಉತ್ತರ ಕೊಡಬೇಕಾಗಿ ಕೋರುತ್ತೇನೆ.’ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಕಡತದ ನಂಬರು ಹಾಕಿಸಿಕೊಳ್ಳಿ. ನಂಬರಿಲ್ಲದ ಅರ್ಜಿ ಅರ್ಜಿಯೇ ಅಲ್ಲ. ಎಡವುವುದು ಎಲ್ಲಿ ಎಂದರೆ, ಕನ್ನಡ ಬಾರದ ಕ್ಲರ್ಕಿನ ಕೈಗೆ ಹೋದ ಹಾಳೆ ಭಾಷಾಂತರಕ್ಕೆಂದು ಒಂದು ಮೂಲೆ ಸೇರುತ್ತದೆ. ಮಲಯಾಳದಲ್ಲಿ ನಾಲ್ಕು ಸಾಲಿನ ಸಾರಾಂಶವನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದರೆ ಕಡತ ಬೇಗ ಚಲಿಸುತ್ತದೆ. ಸಹಿ ಮಾತ್ರ ಕನ್ನಡದ ಹಾಳೆಗೇ ಇರಲಿ, ಅರ್ಜಿಯೆಂದರೆ ಅದು. ಮೂವತ್ತು ದಿನ ಕಳೆದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ, ಆ ನಂಬರಿನ ಕಡತ ಯಾವ ತಾರೀಕಿನಲ್ಲಿ ಯಾರ ಮೇಜಿನಲ್ಲಿತ್ತು ಎಂದು ಕೇಳಿ. ಶಾಸಕರ ಬಳಿ ಹೋಗುವುದು ಆ ಉತ್ತರ ಕೈಗೆ ಬಂದ ಮೇಲೆ. ಬರಿಗೈಯಲ್ಲಿ ಹೋದರೆ ‘ನೋಡೋಣ’ ಎನ್ನುತ್ತಾರೆ, ನಂಬರು ತಾರೀಕು ಇದ್ದರೆ ಅಲ್ಲಿಂದಲೇ ಫೋನ್ ಮಾಡುತ್ತಾರೆ.

ಭಾಷಾ ಅಲ್ಪಸಂಖ್ಯಾತರಿಗಾಗಿ ಸಂವಿಧಾನದ 350ಬಿ ವಿಧಿಯಲ್ಲಿ ವಿಶೇಷಾಧಿಕಾರಿಯೊಬ್ಬರು ಇದ್ದಾರೆ, 1957ರಿಂದ ಆ ಕಚೇರಿಯೂ ಇದೆ. ಅವರು ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ, ಆಜ್ಞೆ ಹೊರಡಿಸಲಾರರು. ಅಲ್ಲಿಗೆ ಬರೆಯುವುದು ದಾಖಲೆಗಾಗಿ ಒಳ್ಳೆಯದು, ತಕ್ಷಣದ ಪರಿಹಾರಕ್ಕಾಗಿ ಅಲ್ಲ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳು, ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ ಕಣ್ಣೂರು ಜಿಲ್ಲೆಯವು. ಸಮನಾಗಿ ಹಂಚಿದರೆ ಒಂದಕ್ಕೆ 71 ಲಕ್ಷ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಖಾಸಗಿ ಮನೆಗೆ, ಪೂಜಾಸ್ಥಳದ ಒಳಗೆ ಈ ಹಣ ಹಾಕುವಂತಿಲ್ಲ. ಕೋವಿಡ್ ಬಂದ 2020ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ಒಂದೇ ತೀರ್ಮಾನದಿಂದ ಈ ನಿಧಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದಾಗ ಸಂಸದರು ಯಾರೂ ತಡೆಯಲಾಗಲಿಲ್ಲ.

ಅದೇ ವರ್ಷ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ನಡೆದದ್ದು ಈ ನಾಡಿಗೆ ಮರೆಯಲಾಗದ ಪಾಠ. ಮಾರ್ಚಿನಲ್ಲಿ ಕೋವಿಡ್ ಭಯದಿಂದ ಕರ್ನಾಟಕ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಉತ್ತರ ಕಾಸರಗೋಡಿನ ರೋಗಿಗಳು ದಾಟಲಾಗದೆ ಜೀವ ಬಿಟ್ಟರು. ಇಲ್ಲಿನ ಮುಖ್ಯಮಂತ್ರಿಗೆ ಆ ಮಣ್ಣಿನ ರಾಶಿಯ ಮೇಲೆ ಅಧಿಕಾರವಿಲ್ಲ. ಅಲ್ಲಿನ ಮುಖ್ಯಮಂತ್ರಿಗೆ ತನ್ನ ಜಿಲ್ಲೆಯ ಜನರ ಭಯ. ಹೆದ್ದಾರಿ ಕೇಂದ್ರದ್ದು, ಆದರೆ ಗಡಿಯಲ್ಲಿ ನಿಂತ ಪೊಲೀಸರು ರಾಜ್ಯದವರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ದಾರಿ ತೆರೆಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 7ರಂದು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆ ಒಪ್ಪಿದ್ದಾಗಿ ಕೇಂದ್ರ ತಿಳಿಸಿತು. ಎಲ್ಲರಿಗೂ ಅಧಿಕಾರದ ಒಂದೊಂದು ತುಂಡಿತ್ತು, ಆಂಬುಲೆನ್ಸ್ ದಾಟಿಸುವಷ್ಟು ಯಾರೊಬ್ಬರ ಕೈಯಲ್ಲೂ ಇರಲಿಲ್ಲ. ಆದರೆ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲೇ ಶಿಲಾನ್ಯಾಸವಾಗಿ, 2020ರ ಮಾರ್ಚಿಗೂ ಅದು ಪೂರ್ತಿ ಆಸ್ಪತ್ರೆಯಾಗಿರಲಿಲ್ಲ ಎಂಬುದಕ್ಕೆ ಒಕ್ಕೂಟದ ಅಧಿಕಾರ ಹಂಚಿಕೆಯನ್ನು ದೂರಲಾಗದು. ಅದು ರಾಜ್ಯದ ಕೈಯೊಳಗಿನ ಕೆಲಸ.

ಹಣದ ಕಡೆ ರಾಜ್ಯದ ಕೈಯೂ ಅಷ್ಟೇನೂ ಉದ್ದವಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕೇರಳದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 2.5, 15ನೇ ಆಯೋಗದಲ್ಲಿ ಶೇ. 1.925. ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನಕ್ಕೆ ಮುಕ್ಕಾಲು ಪಾಲು ಮತ ಬೇಕು, ಕೇಂದ್ರದ ತೂಕ ಮೂರರಲ್ಲೊಂದು. ಹಾಗಾಗಿ ಕೇಂದ್ರ ಒಪ್ಪದೆ ಏನೂ ಆಗದು, ರಾಜ್ಯಗಳು ಒಪ್ಪದೆ ಕೇಂದ್ರಕ್ಕೂ ಆಗದು.

ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸುವ ವಿಲೀನದ ಭರವಸೆಯನ್ನು ಈಗಲೂ ಮಾರುವವರಿದ್ದಾರೆ. ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗದ 1967ರ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಆ ನೋವು ನಿಜ, ಆ ವರದಿಯೂ ನಿಜ. ಆದರೆ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಡಿ ಸಂಸತ್ತಿಗೆ ಮಾತ್ರ. ರಾಜ್ಯದ ಅಭಿಪ್ರಾಯ ಕೇಳಬೇಕು, ಅದರಂತೆ ನಡೆಯಲೇಬೇಕೆಂದಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ತಿರಸ್ಕರಿಸಿದ ಮಸೂದೆಯೇ ತೆಲಂಗಾಣವಾಯಿತು. ಹಾಗಿದ್ದರೆ ಇಲ್ಲೇಕೆ ಆಗದು? ಅದೇ ವರದಿ ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಿತು, ಜತ್ತ, ಅಕ್ಕಲಕೋಟೆಗಳನ್ನೂ ಕರ್ನಾಟಕಕ್ಕೆ ಕೊಡಬೇಕೆಂದಿತು. ಮಹಾರಾಷ್ಟ್ರ ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ. ಲೋಕಸಭೆಯಲ್ಲಿ ಮಹಾರಾಷ್ಟ್ರದ್ದು 48 ಸ್ಥಾನ, ಕರ್ನಾಟಕದ್ದು 28, ಕೇರಳದ್ದು 20. ಒಂದು ಎಳೆ ಎಳೆದರೆ ಮೂರು ರಾಜ್ಯ ಬಿಚ್ಚಿಕೊಳ್ಳುತ್ತವೆ. ದಿಲ್ಲಿಯಲ್ಲಿ ಯಾರು ಕೂತರೂ ಈ ಗಂಟಿಗೆ ಕೈ ಹಾಕದಿರುವುದು ಇದಕ್ಕೆ. ವಿಲೀನದ ಭಾಷಣ ಮಾಡುವವರಿಂದ ನಾಳೆಯ ತರಗತಿಯ ಗಣಿತ ಶಿಕ್ಷಕರ ಬಗ್ಗೆ ಉತ್ತರ ಪಡೆಯಿರಿ.

ಮಿತಿಯ ಮಾತು ಸಲ್ಲದ ಜಾಗವೂ ಇದೆ, ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತ. ಸಿಂಪಡಿಸಿದ್ದು ರಾಜ್ಯದ್ದೇ ನಿಗಮದ ಗೇರುತೋಟಗಳಲ್ಲಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಆದೇಶಿಸಿತು. ಯಾರ ಒಪ್ಪಿಗೆಯೂ ಬೇಕಿರಲಿಲ್ಲ, ಗಡಿ ಅಡ್ಡ ಇರಲಿಲ್ಲ, ಪಟ್ಟಿ ಕೈಯಲ್ಲಿತ್ತು. 2022ರ ಮೇ ತಿಂಗಳಲ್ಲಿ 3,704 ಮಂದಿಯಲ್ಲಿ ಎಂಟು ಮಂದಿಗೆ ಮಾತ್ರ ಹಣ ತಲುಪಿದೆಯೆಂದು ಕೋರ್ಟೇ ಎತ್ತಿ ಹೇಳಬೇಕಾಯಿತು. ಹಣ ಬಿಡುಗಡೆ ಚುರುಕಾದದ್ದು ಅದರ ನಂತರ. ಆ ಐದು ವರ್ಷಗಳಲ್ಲಿ ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯೆಟ್ಟಿನ ಮುಂದೆ ಕೂತಿದ್ದರು.