ಅಘನಾಶಿನಿನಾ ಶರಾವತಿನಾ? ಅಳಿವೆ ಸ್ಟಡಿ ಮಾಡೋರಿಗೆ

ನದಿ ಮೇಲ್ಗಡೆ ಮಾಡಿದ್ದು ಅಳಿವೇಲಿ, ಅಂದ್ರೆ ನದಿ ಸಮುದ್ರ ಸೇರೋ ಜಾಗದಲ್ಲಿ, ಹೇಗೆ ಕಾಣುತ್ತೆ ಅಂತ ಪ್ರಾಜೆಕ್ಟ್ ಮಾಡೋರು ಈ ಎರಡರಲ್ಲಿ ಒಂದನ್ನ ಆರಿಸ್ಕೋಬಹುದು. ಎರಡೂ ಉತ್ತರ ಕನ್ನಡದಲ್ಲೇ ಸಮುದ್ರ ಸೇರೋದು, ಆದ್ರೆ ಕಥೆ ಬೇರೆ ಬೇರೆ.

ಅಘನಾಶಿನಿಗೆ ದೊಡ್ಡ ಡ್ಯಾಮ್ ಇಲ್ಲ, ಮಳೆಗಾಲದಲ್ಲಿ ಸಿಹಿನೀರು ಬೇಸಿಗೇಲಿ ಉಪ್ಪುನೀರು ಹೀಗೆ ಬದಲಾಗ್ತಾ ಇರತ್ತೆ, ಅದಕ್ಕೇ ಇಳಿತದ ಹೊತ್ತಿಗೆ ಹೆಂಗಸರು ಕೆಸರಲ್ಲಿ ಕೂತು ಬಳಚು (ತಿನ್ನೋ ಚಿಪ್ಪುಜೀವಿ) ಆರಿಸೋದು, ಅಳಿವೆ ಪಕ್ಕದ ಉಪ್ಪುನೀರು ನುಗ್ಗೋ ಗಜನಿ ಗದ್ದೇಲಿ ಉಪ್ಪು ತಡ್ಕೊಳ್ಳೋ ಕಗ್ಗ ಭತ್ತ ಬೆಳೆಯೋದು ಎಲ್ಲ ಕಣ್ಣಾರೆ ಸಿಗತ್ತೆ. 2024ರಲ್ಲಿ ರಾಮ್ಸಾರ್ ತಾಣನೂ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯ್ತು.

ಶರಾವತೀಲಿ 1964ರ ಲಿಂಗನಮಕ್ಕಿ ಡ್ಯಾಮ್, ಕೆಳಗೆ ಗೇರುಸೊಪ್ಪ ಡ್ಯಾಮ್. ಕರೆಂಟ್‌ಗೆ ಬಿಟ್ಟ ನೀರು ಬೇಸಿಗೇಲೂ ಹರಿದು ಬಂದು ಉಪ್ಪು ಕಮ್ಮಿಯಾಗಿ ಚಿಪ್ಪುಜೀವಿಗಳಿಗೆ ಹೊಡೆತ ಬಿದ್ದಿದೆ.

ಟೈಮ್ ಕಮ್ಮಿ ಇದ್ರೆ ಅಘನಾಶಿನಿ ಸಾಕು. ಡ್ಯಾಮ್ ನೀರು ಬಿಡೋ ಪ್ಲಾನಿಂಗ್ ಬಗ್ಗೆ ಬರೀಬೇಕು ಅಂದ್ರೆ ಮಾತ್ರ ಶರಾವತಿ ಸಮುದ್ರ ಸೇರೋ ಹೊನ್ನಾವರಕ್ಕೇ ಹೋಗಿ.